ಗೋಡೆಗೆ ಹಾಕುವ ಮುನ್ನ ಓದಿ ಹೇಳಬೇಕು

ಮೋಟಾರು ಕಟ್ಟುವವನಿಗೆ ಕರೆಂಟಣ್ಣ ಎಂದು ಹೆಸರಿಟ್ಟವರು ಅವನ ಕೆಲಸ ನೋಡಿ ಇಟ್ಟರೋ ಸಿಟ್ಟು ನೋಡಿ ಇಟ್ಟರೋ, ಈಗ ಯಾರಿಗೂ ನೆನಪಿಲ್ಲ. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿ, ಏನು ತಂದುಕೊಟ್ಟರೂ ಹಳೆಯ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ಜೀವ ತುಂಬಿ ಕಳಿಸುತ್ತಿದ್ದ. ಆದರೆ ಇನ್ನೂ ಆಗಿಲ್ಲವೇ ಎಂದು ಎರಡನೇ ಸಲ ಕೇಳಿದವರು ಮೂರನೇ ಸಲ ಕೇಳುವ ಧೈರ್ಯ ಮಾಡುತ್ತಿರಲಿಲ್ಲ. ಅಂಗಡಿಯಲ್ಲಿ ಅವನ ಪಕ್ಕದ ಮೇಜಿನಲ್ಲಿ ಹೆಂಡತಿ ಕೂತು ತಂತಿಯ ಕೆಳಗೆ ಹಾಸುವ ದಪ್ಪ ಕಾಗದ ಕತ್ತರಿಸುತ್ತಿದ್ದಳು. ಸುತ್ತು ಎಣಿಸುವುದೂ ಅವಳೇ. ಅವನು ಸುತ್ತುತ್ತಾ ಲೋಕಕ್ಕೆಲ್ಲ ಬೈಯುತ್ತಿದ್ದರೆ, ಅವಳು ಲೆಕ್ಕ ತಪ್ಪದೆ ಎಣಿಸುತ್ತಿದ್ದಳು.

ಈ ಕರೆಂಟಣ್ಣನಿಗೆ ಫೋನಿನೊಳಗೆ ಇನ್ನೊಂದು ಅಂಗಡಿ ಇತ್ತು. ಅದರ ಹೆಸರು 'ನಮ್ಮ ಗೋಡೆ'. ನೀರು ಯಾವಾಗ ಬಿಡುತ್ತಾರೆ ಎಂದು ಬೀದಿಯವರೆಲ್ಲ ತನ್ನನ್ನೇ ಕೇಳಿ ತಲೆ ತಿನ್ನುತ್ತಾರೆಂದು ಐದು ವರ್ಷದ ಹಿಂದೆ ಶುರು ಮಾಡಿದ ಪುಟ ಅದು. ಈಗ ಹನ್ನೊಂದು ಸಾವಿರ ಜನ ಸೇರಿದ್ದರು. ನೀರಿನ ಹೊತ್ತು, ಕಳೆದುಹೋದ ನಾಯಿ, ಬಾಡಿಗೆ ಮನೆ, ಕೆಟ್ಟುನಿಂತ ಬೀದಿದೀಪ, ಎಲ್ಲವೂ ಅದರ ಮೇಲೆ.

ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಇಂಥ ಪುಟಗಳಿಗೆಲ್ಲ ಜಾಗ ಕೊಡುವ ಮೇಲಿನ ಕಂಪನಿ ಕೈ ಬದಲಾಯಿಸಿತು. ಎಲ್ಲೋ ದೂರದಲ್ಲಿದ್ದ ದೊಡ್ಡ ಕುಳವೊಬ್ಬ ಅದನ್ನು ಇಡಿಯಾಗಿ ಕೊಂಡುಕೊಂಡ. ಕೊಂಡ ಮೊದಲನೇ ವಾರ, ಇನ್ನು ಯಾರು ಏನು ಬೇಕಾದರೂ ಬರೆಯಬಹುದು, ಮಾತಿಗೆ ಬೇಲಿಯೇ ಇಲ್ಲ ಎಂದು ಸಾರಿದ. ಎರಡನೇ ವಾರ, ನಮ್ಮ ಭಾಷೆಯಲ್ಲಿ ಬರುವುದನ್ನು ಓದಿ ಹೊಲಸು ತೆಗೆಯುತ್ತಿದ್ದ ಕೆಲಸದವರನ್ನೆಲ್ಲ ಮನೆಗೆ ಕಳಿಸಿದ. ಮೂರನೇ ವಾರಕ್ಕೆ ಗೋಡೆ ಗಬ್ಬೆದ್ದುಹೋಯಿತು. ಎದುರುಮನೆಯವರ ಹೆಣ್ಣುಮಕ್ಕಳ ಮೇಲೆ ಕಥೆ, ಗಂಡ ಹೆಂಡಿರ ಜಗಳ, ಹಳೆಯ ದ್ವೇಷ, ಎಲ್ಲ ಬಂದು ಗೋಡೆಯ ಮೇಲೆ ಕೂತವು. ಕರೆಂಟಣ್ಣ ಕಂಪನಿಗೆ ಹದಿನೇಳು ಸಲ ದೂರು ಬರೆದ. ಹದಿನೇಳು ಸಲವೂ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಯಾವುದೋ ಯಂತ್ರ ಉತ್ತರ ಕೊಟ್ಟಿತು.

ಆಗ ಹುಟ್ಟಿದ್ದು ಅವನ ನಿಯಮ. ಅದು ಹುಟ್ಟಿದ್ದೂ ಅವನದೇ ಸಿಟ್ಟಿನಿಂದ. ಹೆಂಡತಿಯ ತಮ್ಮ ಏಣಿ ತೆಗೆದುಕೊಂಡು ಹೋದವನು ಆರು ತಿಂಗಳಾದರೂ ತಂದಿರಲಿಲ್ಲ. ಕರೆಂಟಣ್ಣ ಕೂತು ನಲವತ್ತು ಸಾಲು ಬರೆದ. ಗೋಡೆಗೆ ಹಾಕಬೇಕು ಅನ್ನುವಷ್ಟರಲ್ಲಿ ಹೆಂಡತಿ ಕತ್ತರಿ ಕೆಳಗಿಟ್ಟು, "ಹಾಕೋದಕ್ಕೆ ಮುಂಚೆ ಒಂದ್ಸಲ ಜೋರಾಗಿ ಓದಿ ಹೇಳಿ, ನನ್ನ ತಮ್ಮ ತಾನೆ, ನಾನೂ ಕೇಳ್ತೀನಿ" ಅಂದಳು. ಓದಲು ಹೊರಟ. ಏಣಿಯ ವಿಷಯ ಮೂರೇ ಸಾಲಿತ್ತು. ಉಳಿದ ಮೂವತ್ತೇಳು ಸಾಲು ಭಾವಮೈದುನನ ಹುಟ್ಟು, ಬೆಳವಣಿಗೆ ಮತ್ತು ಮೂಗಿನ ಕುರಿತಾಗಿದ್ದವು. ಆರನೇ ಸಾಲಿಗೆ ಅವನ ಕಿವಿಯೇ ಬಿಸಿಯಾಯಿತು. ಒಂಬತ್ತನೇ ಸಾಲಿಗೆ ಫೋನು ಮಗುಚಿಟ್ಟ.

ಮಾರನೆಯ ದಿನದಿಂದ ಗೋಡೆಯ ಮೇಲೆ ಒಂದೇ ಕಾನೂನು. ಯಾರ ಹೆಸರು ಹಿಡಿದು ಬರೆದರೂ ಬರಹದ ಜೊತೆ ಫೋನ್ ನಂಬರು ಕೊಡಬೇಕು. ಕರೆಂಟಣ್ಣ ಫೋನು ಮಾಡುತ್ತಾನೆ. ಬರೆದವರು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಓದಿ ಹೇಳಬೇಕು. ಓದಿದರೆ ಗೋಡೆಗೆ. ಓದದಿದ್ದರೆ ಕಸಕ್ಕೆ. ಸರಿಯೋ ತಪ್ಪೋ ಅವನು ನೋಡುವುದಿಲ್ಲ, ಓದಿದರೆ ಸಾಕು.

ನಿಯಮ ಯಂತ್ರಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಹತ್ತರಲ್ಲಿ ಏಳು ಜನ ಅರ್ಧಕ್ಕೇ ಕೆಮ್ಮಿ ನಿಲ್ಲಿಸುತ್ತಿದ್ದರು. ಒಬ್ಬ ಎರಡು ಸಾಲು ಓದಿ, ಮನೆಯವಳು ಬಂದಳು, ಆಮೇಲೆ ಮಾಡುತ್ತೇನೆ ಎಂದವನು ಮತ್ತೆ ಮಾಡಲೇ ಇಲ್ಲ. ಇನ್ನೊಬ್ಬಳು ಓದುತ್ತಾ ಓದುತ್ತಾ ಅತ್ತು, ಬರೆದದ್ದು ಬಿಟ್ಟು ನಿಜವಾದ ವಿಷಯ ಹೇಳಿದಳು. ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು. ಅಂಚೆ ಕಚೇರಿಯಿಂದ ನಿವೃತ್ತರಾದ ಪೋಸ್ಟ್ ಮೇಷ್ಟ್ರು ಮಾತ್ರ ನೆರೆಮನೆಯ ನಾಯಿಯ ವಿರುದ್ಧ ನಾಲ್ಕು ಪುಟ ಬರೆದು, ನಾಲ್ಕೂ ಪುಟವನ್ನು ಏರಿಳಿತದ ಸಮೇತ ಓದಿ ಗೆದ್ದರು. ಆಮೇಲೆ ಅಂಗಡಿಯ ಸ್ಟೂಲೇ ಅವರ ಬೆಳಗಿನ ಕಚೇರಿಯಾಯಿತು.

ಕರೆಂಟಣ್ಣನಿಗೆ ಹೆಮ್ಮೆ ತಲೆಗೇರಿತ್ತು. ಅಷ್ಟು ದೊಡ್ಡ ಕಂಪನಿ ಕೊಂಡವನಿಗೆ ಹೊಳೆಯದ್ದು ತನಗೆ ಹೊಳೆಯಿತಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಗೋಡೆ ನನ್ನದು ಎಂದೂ ಹೇಳುತ್ತಿದ್ದ. ಹೆಂಡತಿ ಒಂದು ಸಲ, ಹೆಸರೇನೋ ನಮ್ಮ ಗೋಡೆ ಅಂತ ಇದೆ ಎಂದದ್ದು ಅವನಿಗೆ ಕೇಳಿಸಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಒಂದು ಬರಹ ಬಂತು. ಕಳಿಸಿದವರ ಹೆಸರಿರಲಿಲ್ಲ, ಕುಂಡದಲ್ಲಿ ಬೆಳೆದ ನಿಂಬೆಗಿಡದ ಚಿತ್ರವಿತ್ತು. ಟ್ಯಾಂಕಿನ ಪಕ್ಕದ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಶುರುವಾಗಿ, ಆ ಪಂಪಿನ ಮೋಟಾರು ಕಟ್ಟಿದವರು ಕರೆಂಟಣ್ಣ, ಹೆಸರಿಗೆ ತಕ್ಕ ಕೆಲಸ ಮಾಡಿದ್ದಾರೆ ಎಂಬ ಸಾಲಿಗೆ ಬಂದಿತ್ತು. ಮುಂದೆ ಇನ್ನೂ ಏಳೆಂಟು ಸಾಲಿದ್ದವು. ಕರೆಂಟಣ್ಣನ ಕಣ್ಣು ಆ ಸಾಲಿನಿಂದ ಕೆಳಗಿಳಿಯಲೇ ಇಲ್ಲ. ರಕ್ತ ನೆತ್ತಿಗೇರಿತು. ಬೀದಿಯ ಆ ತುದಿಯಲ್ಲಿ ಇನ್ನೊಂದು ಮೋಟಾರು ಅಂಗಡಿ ಇತ್ತು, ಅದರ ಬಾಗಿಲಲ್ಲಿ ಕುಂಡದಲ್ಲಿ ಒಂದು ನಿಂಬೆಗಿಡವೂ ಇತ್ತು. ಇನ್ನೇನು ಬೇಕು? ಇದು ಅವನದೇ ಕಿತಾಪತಿ ಎಂದು ತೀರ್ಮಾನವಾಯಿತು.

ಆದರೂ ನಿಯಮ ನಿಯಮವೇ. ಫೋನು ಮಾಡಿದ. ಆ ಕಡೆ ಎತ್ತಿದರು. ಓದಿ ಎಂದ. ಮಾತಿಲ್ಲ. ಉಸಿರಾಡುವ ಸದ್ದು, ಆಮೇಲೆ ಏನನ್ನೋ ಗಟ್ಟಿಯಾದುದನ್ನು ಬೆರಳಿಂದ ತಟ್ಟಿದ ಸದ್ದು. ಟಕ್, ಟಕ್, ಟಕ್. ಮತ್ತೆ ಓದಿ ಎಂದ. ಮತ್ತೆ ಮೂರು ಸಲ ಟಕ್. ಗೇಲಿ ಮಾಡುತ್ತಿದ್ದಾರೆ ಎಂದು ಇವನು ಫೋನು ಕುಕ್ಕಿದ. ಮಧ್ಯಾಹ್ನ ಇನ್ನೊಂದು ಸಲ, ಸಂಜೆ ಇನ್ನೊಂದು ಸಲ. ಅದೇ ಉಸಿರು, ಅದೇ ಟಕ್ ಟಕ್ ಟಕ್. ಬರಹದ ಕೆಳಗೆ, ಫೋನು ಬೇಡ, ಮೆಸೇಜು ಮಾಡಿ ಎಂದು ಬರೆದಿದ್ದನ್ನು ತೋರಿಸಿ, "ನೋಡಿದ್ಯಾ, ಕಳ್ಳನಿಗೆ ದನಿ ಸಿಕ್ಕಿಬೀಳುತ್ತೆ ಅಂತ ಭಯ" ಎಂದ ಹೆಂಡತಿಗೆ.

"ನೀವು ಪೂರ್ತಿ ಓದಿದ್ರಾ ಅದನ್ನ?" ಎಂದಳು ಅವಳು.

"ಅವನೇ ಓದದಿರೋದನ್ನ ನಾನ್ಯಾಕೆ ಓದ್ಲಿ?"

ಅಳಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡುವ ಜಾಯಮಾನ ಅವನದಲ್ಲ. ಬರೆದದ್ದನ್ನು ಓದಿ ಹೇಳುವ ಧೈರ್ಯವಿಲ್ಲದವರಿಗೆ ಈ ಗೋಡೆಯ ಮೇಲೆ ಜಾಗವಿಲ್ಲ ಎಂದು ದಪ್ಪಕ್ಷರದಲ್ಲಿ ಹಾಕಿದ. ಇನ್ನೂರು ಜನ ಮೆಚ್ಚಿದರು. ಕರೆಂಟಣ್ಣ ಊಟ ಎರಡು ತುತ್ತು ಜಾಸ್ತಿಯೇ ಮಾಡಿದ.

ಮಾರನೆಯ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಐವತ್ತು ದಾಟಿದ ವಯಸ್ಸು, ಗಟ್ಟಿ ಮೈಕಟ್ಟು, ಬರಿಗಾಲು, ಕುತ್ತಿಗೆಗೆ ಸುತ್ತಿದ ಬಿಳಿ ಬಟ್ಟೆ, ಕಂಕುಳಲ್ಲಿ ಮಕ್ಕಳು ಬರೆಯುವ ಸ್ಲೇಟು. ಕರೆಂಟಣ್ಣ ಏನು ಬೇಕು ಎಂದು ಎರಡು ಸಲ ಕೇಳಿದ. ಅವಳು ಬೆರಳಿನ ಗೆಣ್ಣಿನಿಂದ ಮೇಜಿನ ತಗಡು ತಟ್ಟಿದಳು. ಟಕ್, ಟಕ್, ಟಕ್.

ಕರೆಂಟಣ್ಣನ ಕೈಯಲ್ಲಿದ್ದ ತಂತಿ ಸಡಿಲವಾಯಿತು. ಸುತ್ತು ಎಣಿಸುತ್ತಿದ್ದ ಹೆಂಡತಿ ಮೊದಲ ಸಲ ಲೆಕ್ಕ ತಪ್ಪಿದಳು.

ಹೆಂಗಸು ಸ್ಲೇಟು ಎತ್ತಿ ತೋರಿಸಿದಳು. ಮನೆಯಿಂದಲೇ ಬರೆದುಕೊಂಡು ಬಂದಿದ್ದಳು. ಅದರ ಮೇಲೆ ಇದ್ದದ್ದು ನಾಲ್ಕೇ ಮಾತು. 'ಧೈರ್ಯ ಇದೆ. ದನಿ ಇಲ್ಲ.'

ಪೋಸ್ಟ್ ಮೇಷ್ಟ್ರು ಸ್ಟೂಲಿನಿಂದ ಎದ್ದು ನಿಂತರು. ಅವರಿಗೆ ಅವಳ ಪರಿಚಯವಿತ್ತು. ಟ್ಯಾಂಕಿನ ಹಿಂದಿನ ಶಿಶುವಿಹಾರದ ಆಯಮ್ಮ, ಹದಿನೈದು ವರ್ಷದಿಂದ ಅಲ್ಲೇ ಇದ್ದಾಳೆ, ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಮಾತು ಹೋಯಿತು, ಆದರೂ ಮಕ್ಕಳು ಅವಳು ತಟ್ಟಿದ ಸದ್ದಿಗೇ ಕೇಳುತ್ತಾರೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಒಂದು ಸಲ ತಟ್ಟಿದರೆ ಬಾ. ಎರಡು ಸಲ ತಟ್ಟಿದರೆ ಕೂತ್ಕೋ. ಮೂರು ಸಲ ತಟ್ಟಿದರೆ ಸುಮ್ಮನಿದ್ದು ಕೇಳು.

ನಿನ್ನೆ ಇಡೀ ದಿನ ಅವಳು ತನಗೆ ಕೇಳು ಕೇಳು ಎಂದೇ ಹೇಳಿದ್ದಳು ಎಂಬುದು ಕರೆಂಟಣ್ಣನ ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು.

ಆಯಮ್ಮ ಸೆರಗಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅಳಿಸಿದ ಬರಹವನ್ನೇ ಕೈಯಲ್ಲಿ ಬರೆದುಕೊಂಡು ಬಂದಿದ್ದಳು. ಇಟ್ಟು, ಅವನ ಮುಖ ನೋಡುತ್ತಾ ನಿಂತಳು. ಕರೆಂಟಣ್ಣ ಕಾಗದ ನೋಡಿದ, ಮುಟ್ಟಲಿಲ್ಲ. ಆಮೇಲೆ ನೋಡುತ್ತೇನೆ, ಬಿಟ್ಟು ಹೋಗಿ ಎನ್ನಲು ಬಾಯಿ ತೆರೆದ.

"ರೀ," ಎಂದಳು ಹೆಂಡತಿ. "ಓದಿ ಹೇಳ್ಬೇಕು ಅನ್ನೋದು ನಿಮ್ಮ ಕಾನೂನು. ಅವರಿಗೆ ಆಗಲ್ಲ. ಅವರ ಬದಲು ನೀವೇ ಓದಿ. ಜೋರಾಗಿ."

ಓದಿದ. ದನಿ ಮೊದಲು ಗಡುಸಾಗಿಯೇ ಇತ್ತು. "ಟ್ಯಾಂಕಿನ ಪಕ್ಕದ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಪಂಪು ಓಡುವಾಗ ಮಾತ್ರ. ಆ ಪಂಪಿನ ಮೋಟಾರು ಕಟ್ಟಿದವರು ಕರೆಂಟಣ್ಣ. ಹೆಸರಿಗೆ ತಕ್ಕ ಕೆಲಸ ಮಾಡಿದ್ದಾರೆ." ಇಲ್ಲಿ ಗಂಟಲು ಸರಿಮಾಡಿಕೊಂಡ. ಪೋಸ್ಟ್ ಮೇಷ್ಟ್ರು ನಗು ತಡೆಯಲು ಚಾವಣಿ ನೋಡಿದರು. "ನೀರಿನ ಕಚೇರಿಯವರು ಬಂದು ಮುಟ್ಟಿ ನೋಡಿ ಏನೂ ಇಲ್ಲ ಎಂದರು. ಅವರ ಕಾಲಲ್ಲಿ ಬೂಟು ಇತ್ತು. ನಮ್ಮ ಟೀಚರೂ ಏನೂ ಇಲ್ಲ ಎಂದರು. ಅವರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ನನ್ನದು ಬರಿಗಾಲು. ಮಕ್ಕಳದ್ದೂ ಬರಿಗಾಲು. ಹತ್ತು ದಿನದಿಂದ ನಾನು ಪ್ಲಾಸ್ಟಿಕ್ ಚೊಂಬಿನಲ್ಲಿ ನೀರು ಹಿಡಿದು ಹದಿನಾರು ಮಕ್ಕಳ ಕೈ ತೊಳೆಸುತ್ತಿದ್ದೇನೆ. ನಾನು ಒಂದು ದಿನ ರಜೆ ಹಾಕಿದರೆ..."

ಆ ಸಾಲು ಅವನಿಂದ ಮುಗಿಯಲಿಲ್ಲ. ಬೂಟು, ಚಪ್ಪಲಿ, ಬರಿಗಾಲು ಅಂದಾಗಲೇ ಅವನಿಗೆ ಗೊತ್ತಾಗಿಹೋಗಿತ್ತು. ಮೂವತ್ತು ವರ್ಷ ಕರೆಂಟಿನ ಜೊತೆ ಬಾಳಿದವನಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಂಗಡಿಯ ಗಡಿಯಾರ ನೋಡಿದ. ಪಂಪು ಹಾಕುವುದು ಹತ್ತಕ್ಕೆ. ಟೆಸ್ಟರು, ಇಕ್ಕಳ, ತಂತಿಯ ಸುರುಳಿ ಚೀಲಕ್ಕೆ ತುಂಬಿ, ಯಾರಿಗೂ ಏನೂ ಹೇಳದೆ ಬೀದಿಗಿಳಿದ. ಆಯಮ್ಮ ಅವನಿಗಿಂತ ಮುಂದಿದ್ದಳು.

ಅವರು ತಲುಪುವಷ್ಟರಲ್ಲಿ ಪಂಪು ಹಾಕಿಯಾಗಿತ್ತು. ಶಿಶುವಿಹಾರದ ಹಿತ್ತಲಲ್ಲಿ ಕಲ್ಲು ಚಪ್ಪಡಿ, ಸೊಂಟದೆತ್ತರದ ಕಬ್ಬಿಣದ ಪೈಪು, ಅದಕ್ಕೊಂದು ನಲ್ಲಿ, ಪಕ್ಕದಲ್ಲಿ ಕುಂಡದಲ್ಲೊಂದು ನಿಂಬೆಗಿಡ. ಆಯಮ್ಮ ಇಲ್ಲದ್ದನ್ನು ನೋಡಿ ಟೀಚರು ಮಕ್ಕಳನ್ನು ತಾವೇ ಸಾಲಾಗಿ ನಿಲ್ಲಿಸಿದ್ದರು. ಎಲ್ಲರ ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು ಒದ್ದೆ ಚಪ್ಪಡಿಯ ಮೇಲೆ ನಿಂತು, ನಲ್ಲಿ ತಿರುಗಿಸಲು ಕೈ ಚಾಚಿದ್ದಳು.

ಕರೆಂಟಣ್ಣನಿಗೆ ಕೂಗಬೇಕೆನಿಸಿತು. ಬೀದಿ ನಡುಗಿಸುವ ಆ ದನಿ ಆವತ್ತು ಹೊರಡಲಿಲ್ಲ. ಆಯಮ್ಮ ಬಾಗಿಲ ಪಕ್ಕದ ಮರದ ಪೆಟ್ಟಿಗೆಯನ್ನು ಮೂರು ಸಲ ತಟ್ಟಿದಳು. ಹದಿನಾರು ಮಕ್ಕಳೂ ಇದ್ದಲ್ಲೇ ನಿಂತವು. ಚಾಚಿದ ಕೈ ಹಿಂದಕ್ಕೆ ಬಂತು. ಆಮೇಲೆ ಒಂದು ಸಲ ತಟ್ಟಿದಳು. ಎರಡು ಜಡೆಯ ಹುಡುಗಿ ಚಪ್ಪಡಿಯಿಂದಿಳಿದು ಓಡಿಬಂದು ಅವಳ ಸೀರೆ ಹಿಡಿದುಕೊಂಡಳು.

ಅವನು ಟೆಸ್ಟರನ್ನು ಪೈಪಿಗೆ ಇಟ್ಟ. ಅದರೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು. ಟೀಚರು ಬಾಯಿ ಮುಚ್ಚಿಕೊಂಡರು.

ಪಂಪುಮನೆಗೆ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದು, ಮೋಟಾರಿನ ಹಿಂದೆ ಮಂಡಿಯೂರಿ ನೋಡಿದ. ಅಲ್ಲಿ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಅರ್ಥ್ ತಂತಿ ಬಿಟ್ಟುಕೊಂಡು ಜೋತಾಡುತ್ತಿತ್ತು. ಅದರ ತುದಿಯನ್ನು ಎಡಕ್ಕೆ ಮೂರು ಸುತ್ತು ತಿರುವಿ ಬಿಟ್ಟಿದ್ದರು. ಊರಿನ ಎಲ್ಲ ಕೆಲಸಗಾರರೂ ಬಲಕ್ಕೆ ತಿರುವುತ್ತಾರೆ. ಎಡಕ್ಕೆ ತಿರುವುವವನು ಇವನೊಬ್ಬನೇ. ಕಾಗದದ ಮೇಲಿನ ತನ್ನ ಸಹಿ ನೋಡಿದ ಹಾಗಾಯಿತು.

ಆವತ್ತಿನದೆಲ್ಲ ನೆನಪಾಯಿತು. ಎರಡು ದಿನದಿಂದ ನೀರಿಲ್ಲ ಎಂದು ಗೋಡೆಯ ಮೇಲೆ ಜನ ಕಿರುಚುತ್ತಿದ್ದರು. ತಂತಿ ಸುತ್ತಿ ವಾರ್ನಿಷಿನಲ್ಲಿ ಅದ್ದಿದ ಮೋಟಾರು ಕಾವಿನ ಪೆಟ್ಟಿಗೆಯಲ್ಲಿ ಇಡೀ ದಿನ ಒಣಗಬೇಕು. ಇವನು ಮೂರೇ ಗಂಟೆಯಲ್ಲಿ ತೆಗೆದುಬಿಟ್ಟಿದ್ದ. ಹಸಿ ಆರಿಲ್ಲ ಎಂದು ಹೆಂಡತಿ ಹೇಳಿದ್ದಳು. ಅರ್ಥ್ ತಂತಿಯನ್ನು ಮೋಟಾರಿಗೆ ಬಿಗಿಯುವ ಬಿಲ್ಲೆ ಚೀಲದಲ್ಲಿರಲಿಲ್ಲ, ನಾಳೆ ಬಂದು ಹಾಕುತ್ತೇನೆಂದು ತಿರುವಿ ಬಿಟ್ಟು ಹೋಗಿದ್ದ. ಆ ನಾಳೆ ಬಂದಿರಲೇ ಇಲ್ಲ. ನೀರು ಬಂತೆಂದು ಗೋಡೆಯ ಮೇಲೆ ಐನೂರು ಜನ ಹೊಗಳಿದ್ದರು. ಅದನ್ನು ಓದುತ್ತಾ ಕೂತಿದ್ದ.

ಮೋಟಾರು ಬಿಚ್ಚಿ ಹೊತ್ತುಕೊಂಡು ಬಂದ. ಆ ದಿನ ಬೀದಿಗೆ ನೀರಿಲ್ಲ. ಗೋಡೆಯ ಮೇಲೆ ಬೈಗುಳ ಶುರುವಾಯಿತು. ಎಲ್ಲರಿಗೂ ಫೋನು ಮಾಡಿದ. ಓದಿದವರದ್ದೆಲ್ಲ ಹಾಕಿದ. ಒಬ್ಬರಂತೂ ಬಲು ಉತ್ಸಾಹದಿಂದ ಓದಿದರು, ಅದು ಭಾವಮೈದುನ. ಹಳೆಯ ಸುತ್ತು ಕಿತ್ತು ಹೊಸದು ಸುತ್ತಿದರು. ಪೆಟ್ಟಿಗೆಯಲ್ಲಿಟ್ಟ ಮೇಲೆ ಈ ಸಲ ಅವನು ಗಡಿಯಾರ ನೋಡಲಿಲ್ಲ. ಹೆಂಡತಿ ಆಯಿತು ಅಂದಾಗ ತೆಗೆದ. ನಡುವೆ ಒಂದು ಸಲ, "ಆಯಮ್ಮ ಬರ್ದೆ ಇದ್ದಿದ್ರೆ?" ಎಂದ. ಹೆಂಡತಿ ಪೆಟ್ಟಿಗೆಯ ಬಾಗಿಲು ಇನ್ನೊಮ್ಮೆ ಒತ್ತಿ ಮುಚ್ಚಿದಳು.

ಮೂರನೇ ದಿನ ಬೆಳಿಗ್ಗೆ ಮೋಟಾರು ಕೂರಿಸಿ, ಅರ್ಥ್ ತಂತಿಗೆ ಬಿಲ್ಲೆ ಹಾಕಿ ಬಿಗಿದು, ಪಂಪು ಹಾಕಿಸಿದ. ಟೆಸ್ಟರು ಇಟ್ಟ. ದೀಪ ಹೊತ್ತಲಿಲ್ಲ. ಅದೂ ಅವನಿಗೆ ಸಾಲಲಿಲ್ಲ. ಚಪ್ಪಲಿ ಕಳಚಿ, ಒದ್ದೆ ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಿಂತು, ನಲ್ಲಿಯನ್ನು ಇಡೀ ಅಂಗೈಯಲ್ಲಿ ಹಿಡಿದ. ನೀರು ತಣ್ಣಗಿತ್ತು. ತಣ್ಣಗಿತ್ತು, ಅಷ್ಟೇ. ಅಷ್ಟಕ್ಕೇ ಅವನ ಕಣ್ಣು ಮಂಜಾಯಿತು. ಮುಖ ತೊಳೆದುಕೊಳ್ಳುವ ನೆಪ ಮಾಡಿದ. ಆಮೇಲೆ ಆಯಮ್ಮ ತಾನೂ ಹಿಡಿದು ನೋಡಿ, ಪ್ಲಾಸ್ಟಿಕ್ ಚೊಂಬನ್ನು ತೆಗೆದು ಕಿಟಕಿಯ ಮೇಲಿಟ್ಟಳು. ಹದಿನಾರು ಜೊತೆ ಕೈ ನಲ್ಲಿಯ ಕೆಳಗೆ ತೊಳೆದುಕೊಂಡವು. ಎಲ್ಲ ಮುಗಿಯುವವರೆಗೆ ಕರೆಂಟಣ್ಣ ಅಲ್ಲಿಂದ ಕದಲಲಿಲ್ಲ.

ಅವನಿಗೆ ಇನ್ನೊಂದು ಕೆಲಸವಿತ್ತು. ಗೋಡೆಗೆ ಹಾಕಲು ಬರೆದುಕೊಂಡು ಬಂದಿದ್ದ. ಅದರಲ್ಲಿ ಆಯಮ್ಮನ ಹೆಸರಿತ್ತು, ತನ್ನ ಹೆಸರೂ ಇತ್ತು. ಹೆಸರು ಹಿಡಿದು ಬರೆದ ಮೇಲೆ ಓದಿ ಹೇಳಬೇಕು, ಅದು ಕಾನೂನು. ಒಳಗೆ ಹೋಗಿ ಫೋನು ಹಿಡಿದು ನಿಂತ. ಆಯಮ್ಮ ಎರಡು ಸಲ ತಟ್ಟಿದಳು. ಮಕ್ಕಳು ಕೂತವು. ಕರೆಂಟಣ್ಣ ನಿಂತೇ ಇದ್ದ. ಅವಳು ಅವನನ್ನೇ ನೋಡಿ ಮತ್ತೆ ಎರಡು ಸಲ ತಟ್ಟಿದಳು. ಆ ದೊಡ್ಡ ದೇಹ ಚಿಕ್ಕ ಚಾಪೆಯ ಮೇಲೆ, ಎರಡು ಜಡೆಯವಳ ಪಕ್ಕದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಿತು.

ಮೋಟಾರು ಸರಿಯಾಗಿ ಒಣಗಿಸದೆ ಕೊಟ್ಟವನು ನಾನು, ಅರ್ಥ್ ತಂತಿ ಬಿಟ್ಟುಹೋದವನು ನಾನು, ಹೇಳಲು ಬಂದವರ ಮಾತು ಅಳಿಸಿದವನೂ ನಾನೇ ಎಂದು ಓದಿದ. ಎರಡು ಕಡೆ ನಿಲ್ಲಿಸಿ ಉಸಿರು ತೆಗೆದುಕೊಂಡ. ಇನ್ನು ಮುಂದೆ ಬರೆದವರು ಫೋನಿನಲ್ಲಿ ಓದಲಾಗದಿದ್ದರೆ ನಾನೇ ಹುಡುಕಿಕೊಂಡು ಹೋಗಿ ಓದುತ್ತೇನೆ, ನನ್ನ ಮೇಲೆಯೇ ಬಂದ ದೂರನ್ನು ನಾನು ಮುಟ್ಟುವುದಿಲ್ಲ, ಅದನ್ನು ಆಯಮ್ಮ ನೋಡುತ್ತಾರೆ, ಗೋಡೆಯ ಇನ್ನೊಂದು ಬೀಗದ ಕೈ ಅವರ ಬಳಿ ಇರುತ್ತದೆ ಎಂದ. ಕೊನೆಗೆ ಅವಳನ್ನು ತಾಯಿ, ದೇವತೆ, ಹದಿನಾರು ಮಕ್ಕಳ ಪ್ರಾಣ ಕಾಯ್ದ ಮಹಾತಾಯಿ ಎಂದು ಎಂಟು ಸಾಲು ಹೊಗಳಿದ್ದ. ಅದನ್ನು ಓದುವಾಗ ದನಿ ಒಡೆಯಿತು. ಮಕ್ಕಳು ಅವನ ಮುಖವನ್ನೇ ನೋಡುತ್ತಿದ್ದವು.

ಆಯಮ್ಮ ಸ್ಲೇಟಿನ ಮೇಲೆ ಬರೆದಳು. 'ಕೊನೆಯ ಎಂಟು ಸಾಲು ಬೇಡ. ನಲ್ಲಿ ಸರಿಯಾಯ್ತು ಅಂತ ಬರೀರಿ.'

"ಅಲ್ಲ ಅಕ್ಕಾ, ಜನಕ್ಕೆ ಗೊತ್ತಾಗ್ಬೇಕು," ಎಂದು ಇವನು ಎಂದಿನಂತೆ ದನಿ ಏರಿಸಿದ. "ನಾನು ಬರೆದಿದ್ದು ನಿಜ ತಾನೆ?"

ಟಕ್, ಟಕ್, ಟಕ್.

ಬಾಯಿ ಮುಚ್ಚಿದ. ಎಂಟು ಸಾಲು ಅವಳ ಕಣ್ಣೆದುರೇ ತೆಗೆದ. ನಲ್ಲಿ ಸರಿಯಾಯಿತು ಎಂದು ಬರೆದ. ಅವಳು ಒಪ್ಪಿ ತಲೆಯಾಡಿಸಿದ ಮೇಲೆ ಗೋಡೆಗೆ ಹಾಕಿದ. ಹೇಳಬೇಕಾದ ಮಾತು ಮಾತ್ರ ಇನ್ನೂ ಬಾಕಿಯಿತ್ತು. ಮೂವತ್ತು ವರ್ಷದಲ್ಲಿ ಯಾರಿಗೂ ಅದನ್ನು ಹೇಳಿದ ಅಭ್ಯಾಸವಿರಲಿಲ್ಲ. ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿ, "ಅಕ್ಕಾ, ನೀವು ಅಂಗಡಿಗೆ ಬಂದ್ರಲ್ಲ..." ಎಂದ. ಕೈ ಮುಗಿದು ಬಾಗಿಲು ದಾಟಿದ.

ಹಿಂದಿನಿಂದ ಸದ್ದು ಬಂತು. ಒಂದೇ ಸಲ.

ತಿರುಗಿ ಬಂದ. ಆಯಮ್ಮ ಸ್ಲೇಟು ಒರೆಸಿ ಹೊಸದಾಗಿ ಬರೆದು, ಅವನಿಗೆ ಕಾಣುವಂತೆ ಎತ್ತಿ ಹಿಡಿದಿದ್ದಳು. ಕರೆಂಟಣ್ಣ ಅದನ್ನು ಜೋರಾಗಿಯೇ ಓದಿದ.

"ನಮ್ಮನೆ ಮಿಕ್ಸಿ ಸುಟ್ಟಿದೆ. ನಾಳೆ ತರ್ತೀನಿ. ಪೂರ್ತಿ ಒಣಗಿಸಿ ಕೊಡಿ."